ಕೊನೇ ಬೆಂಚಿಗೂ ಕಾಣೋ ಸ್ಲೈಡ್

ಈಚೆಗೆ ಕೊಡಗಿನ ಒಂದು ಬೆಳೆಗಾರರ ಸಭೆಯಲ್ಲಿ 10 ವರ್ಷದ ಮಳೆ ಲೆಕ್ಕವನ್ನು ಒಂದೇ ಸ್ಲೈಡ್‌ಗೆ ತುಂಬಿದ್ದರು. 12 ತಿಂಗಳು, 10 ವರ್ಷ, ಒಟ್ಟು 120 ಅಂಕಿ, ಅದೂ ಮಿಲಿಮೀಟರಿನಲ್ಲಿ. ಹಿಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಅದೆಲ್ಲ ಸರಿ ಮಗಾ, ಮಾರ್ಚಲ್ಲಿ ಎಷ್ಟು ಇಂಚು?" ಉತ್ತರ ಪರದೆ ಮೇಲೇ ಇತ್ತು. ಯಾರಿಗೂ ಕಾಣಲಿಲ್ಲ ಅಷ್ಟೆ.

ನಮ್ಮ ತೋಟಗಳಲ್ಲಿ ಮಳೆ ಅಳೆಯೋದು ಇಂಚು, ಸೆಂಟಿನಲ್ಲಿ. ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು. 25.4ರಿಂದ ಭಾಗಿಸುತ್ತಾ ಕೂರೋದು ಕೇಳುಗರ ಕೆಲಸ ಅಲ್ಲ, ಸ್ಲೈಡ್ ಮಾಡಿದವರದ್ದು. ರೊಬಸ್ಟಾ ಬೆಳೆಯೋರಿಗೆ ಹೂಮಳೆ ಬಿತ್ತೋ ಇಲ್ಲವೋ ಅನ್ನೋದರ ಮೇಲೆ ಸ್ಪ್ರಿಂಕ್ಲರ್ ಓಡಿಸಬೇಕಾ, ಡೀಸೆಲ್‌ಗೆ ಎಷ್ಟು ಎತ್ತಿಡಬೇಕು ಎಲ್ಲ ನಿಂತಿದೆ. ಹಾಗಾಗಿ ಆ ಸ್ಲೈಡ್‌ಗೆ ಬೇಕಿದ್ದದ್ದು ಮಾರ್ಚ್ ತಿಂಗಳ 10 ಕಂಬಗಳು ಮಾತ್ರ. ತಲೆಬರಹವೂ "ಮಳೆ ವಿವರ" ಅಂತ ಬೇಡ. "ಹತ್ತರಲ್ಲಿ ನಾಲ್ಕು ವರ್ಷ ಹೂಮಳೆ ಕೈಕೊಟ್ಟಿದೆ" ಅನ್ನೋ ಥರ, ಅಂಕಿ ಏನು ಹೇಳುತ್ತೋ ಅದನ್ನೇ ಬರೆಯಿರಿ. ಪೂರ್ತಿ ಪಟ್ಟಿ ಬೇಕಾದವರಿಗೆ ಪ್ರಿಂಟ್ ಕೊಡಿ.

ಇದು ಬರೀ ಅಂದಚೆಂದದ ಮಾತಲ್ಲ. 2003ರಲ್ಲಿ ಕೊಲಂಬಿಯಾ ನೌಕೆ ಇನ್ನೂ ಆಕಾಶದಲ್ಲಿದ್ದಾಗ ನಾಸಾದವರಿಗೆ ತೋರಿಸಿದ ಒಂದು ಸ್ಲೈಡ್‌ನಲ್ಲಿ, ರೆಕ್ಕೆಗೆ ಬಡಿದ ಫೋಮ್ ತುಂಡು ಪರೀಕ್ಷೆಯಲ್ಲಿ ಬಳಸಿದ್ದಕ್ಕಿಂತ 640 ಪಟ್ಟು ದೊಡ್ಡದು ಅನ್ನೋದಕ್ಕೆ ಆಧಾರವಾದ ಅಂಕಿ ಕಟ್ಟಕಡೆಯ ಸಾಲಿನಲ್ಲಿತ್ತು, ಸಣ್ಣ ಅಕ್ಷರದಲ್ಲಿ. ನೌಕೆ ವಾಪಸ್ ಬರುವಾಗ ಏಳೂ ಜನ ಸತ್ತರು. ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿಟ್ಟಿದ್ದಾರೆ, ಓದಿ ನೋಡಿ.

ಇನ್ನು ಕನ್ನಡ ಸ್ಲೈಡ್‌ಗಳ ಪಾಡೇ ಬೇರೆ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟ್‌ನಲ್ಲಿ "ರಾಷ್ಟ್ರ" ಅಂತ ಬರೆದರೆ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ. ಸಾಲಿನ ಅಂತರ 1.3ರಷ್ಟಾದರೂ ಇಡಿ. ಸಣ್ಣ ಅಕ್ಷರವನ್ನು ಬೋಲ್ಡ್ ಮಾಡಿದರೆ ದ, ಧ, ಥ ಮೂರೂ ಒಂದೇ ಆಗಿಬಿಡುತ್ತವೆ. ದೊಡ್ಡದು ಮಾಡಿ, ದಪ್ಪ ಮಾಡಬೇಡಿ. ಯೂನಿಕೋಡ್ ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದರೆ ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಕಾಣುತ್ತೆ. ನೋಟೋ ಅಥವಾ ತುಂಗಾ ಬಳಸಿ, ಪಿಡಿಎಫ್ ಕೂಡ ಇಟ್ಟುಕೊಳ್ಳಿ.

ಕಳಿಸೋ ಮುಂಚೆ ಸ್ಲೈಡನ್ನು ನಿಮ್ಮ ಫೋನಲ್ಲೇ ತೆರೆದು, ಕೈ ಉದ್ದಕ್ಕೆ ಚಾಚಿ ಹಿಡಿದು ನೋಡಿ. ಓದೋಕಾಗಲಿಲ್ಲ ಅಂದ್ರೆ ಎರಡು ಸ್ಲೈಡ್ ಮಾಡಿ. ಸಭೆ ಜುಲೈನಲ್ಲಿದ್ದರೆ ಕಾಗದದ ಪ್ರತಿಯೂ ಬ್ಯಾಗಲ್ಲಿರಲಿ, ನಮ್ಮ ಕಡೆ ಕರೆಂಟ್ ನಂಬೋ ಹಾಗಿಲ್ಲ.