ಮೊದಲ ಮೂರು ತಿಂಗಳ ಲೆಕ್ಕ

ಗರ್ಭಿಣಿಯರೂ ಕೋವಿಡ್ ಲಸಿಕೆ ಪಡೆಯಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು 2021ರ ಜುಲೈ 2ರಂದು. ಅಭಿಯಾನ ಶುರುವಾಗಿ ಆಗಲೇ ಐದೂವರೆ ತಿಂಗಳಾಗಿತ್ತು. ಲಸಿಕೆಯ ಮೊದಲ ಪ್ರಯೋಗಗಳಿಂದ ಬಸುರಿಯರನ್ನು ದೂರವೇ ಇಟ್ಟಿದ್ದರಿಂದ, "ಮಗುವಿಗೆ ಏನೂ ಆಗಲ್ಲ ತಾನೆ?" ಎಂಬ ಪ್ರಶ್ನೆಗೆ ಅಂಕಿಅಂಶ ಸಿಗಬೇಕಾದದ್ದು ಲಸಿಕೆ ಹಾಕಿಸಿಕೊಂಡವರಿಂದಲೇ.

ಉತ್ತರ ಕೊಟ್ಟ ದೇಶಗಳಲ್ಲಿ ನಾರ್ವೆ ಒಂದು. ಮೊದಲ ಮೂರು ತಿಂಗಳಲ್ಲೇ ಗರ್ಭಪಾತವಾದ 4,521 ಮಹಿಳೆಯರನ್ನು, ಬಸಿರು ಮುಂದುವರಿದ 13,956 ಮಹಿಳೆಯರೊಂದಿಗೆ ಅಲ್ಲಿ ಹೋಲಿಸಿದರು. ಲಸಿಕೆ ಪಡೆದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಲಸಿಕೆಯಿಂದ ಗರ್ಭ ನಿಲ್ಲದೆ ಹೋಗುತ್ತದೆ ಎಂಬ ಭಯಕ್ಕೆ ಆಧಾರ ಸಿಗಲಿಲ್ಲ. ಅಲ್ಲಿ ಬಳಸಿದ ಲಸಿಕೆಗಳಲ್ಲಿ ನಮ್ಮ ಕೋವಿಶೀಲ್ಡ್‌ನ ಮೂಲವಾದ ಆಸ್ಟ್ರಾಜೆನೆಕಾ ಕೂಡ ಇತ್ತು. ಬಸಿರು, ಲಸಿಕೆ, ಗರ್ಭಪಾತ ಮೂರರ ದಾಖಲೆಗಳನ್ನೂ ಜೋಡಿಸಲು ಸಾಧ್ಯವಿದ್ದ ದೇಶ ಅದು.

ನಮ್ಮ ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರಗಳಲ್ಲಿ ಇಂಥ ಜೋಡಣೆ ಸುಲಭವಲ್ಲ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಆಡಬಾರದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಬಲವಾಗಿದೆ. ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಕೈಗೆ ಬರುವ ಮೊದಲೇ ಬಸಿರು ಕಳಚಿದರೆ ಆ ಹೆಣ್ಣುಮಗಳು ಯಾವ ಪುಸ್ತಕದಲ್ಲೂ ಇಲ್ಲ. ನಂಜನಗೂಡಿನ ಸೊಸೆ ಹೆರಿಗೆಗೆ ತಿ. ನರಸೀಪುರದ ತವರಿಗೆ ಹೋದರೆ ಲಸಿಕೆಯ ದಾಖಲೆ ಒಂದು ತಾಲ್ಲೂಕಿನಲ್ಲಿ, ಮಗುವಿನದು ಇನ್ನೊಂದರಲ್ಲಿ. ಸ್ಕ್ಯಾನಿಂಗ್ ವರದಿ ಮೈಸೂರಿನ ಖಾಸಗಿ ಆಸ್ಪತ್ರೆಯ ಫೈಲಿನಲ್ಲಿ.

ಗೊತ್ತಾದ ಬಸಿರುಗಳಲ್ಲೇ ನೂರಕ್ಕೆ ಹತ್ತರಿಂದ ಹದಿನೈದು ಯಾವ ಲಸಿಕೆಯ ಹಂಗೂ ಇಲ್ಲದೆ ನಿಲ್ಲದೆ ಹೋಗುತ್ತವೆ. ಈ ಲೆಕ್ಕ ಎದುರಿಗಿಲ್ಲದಿದ್ದರೆ, ಚುಚ್ಚುಮದ್ದಾದ ವಾರಕ್ಕೆ ಗರ್ಭಪಾತವಾದ ಒಬ್ಬಳ ದುಃಖವೇ ಇಡೀ ಊರಿಗೆ ಸಾಕ್ಷ್ಯವಾಗುತ್ತದೆ. ಆಮೇಲೆ ಆಶಾ ಕಾರ್ಯಕರ್ತೆ ಏನು ಹೇಳಿದರೂ ಜನ ಕೇಳುವುದಿಲ್ಲ.

ದಾಖಲೆಯ ಬೆಲೆ ಮೈಸೂರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ಬಳಿಕ ಆ ಮಕ್ಕಳನ್ನೇ ಹುಡುಕಿ, ಹುಟ್ಟಿನ ಅಳತೆಗೂ ನಡುವಯಸ್ಸಿನ ಮಧುಮೇಹ, ಹೃದ್ರೋಗಕ್ಕೂ ಇರುವ ನಂಟನ್ನು ಸಂಶೋಧಕರು ಪರಿಶೀಲಿಸಿದರು. ಬರೆದಿಟ್ಟ ದಾದಿಯರಿಗೆ ಆ ಪ್ರಶ್ನೆಯೇ ಗೊತ್ತಿರಲಿಲ್ಲ. ನಿಷ್ಠೆಯಿಂದ ಬರೆದರು, ಅಷ್ಟೆ.

ಈ ಎರಡು ತಾಲ್ಲೂಕುಗಳಲ್ಲಿ ಈಗ ಆಗಬೇಕಾದದ್ದೂ ಅದೇ. ಹೆರುವ ವಯಸ್ಸಿನವರಿಗೆ ಯಾವ ಲಸಿಕೆ ಹಾಕಿದರೂ ಕೊನೆಯ ಮುಟ್ಟಿನ ದಿನಾಂಕ ಕೇಳಿ ಬರೆಯಬೇಕು. ಗರ್ಭಪಾತಕ್ಕೂ ಹೆರಿಗೆಯಷ್ಟೇ ಗೌರವದ ದಾಖಲೆ ಬೇಕು, ಗೋಪ್ಯತೆಯೂ ಬೇಕು. ತವರಿಗೆ ಹೋದವಳ ಹಿಂದೆಯೇ ಅವಳ ದಾಖಲೆ ಹೋಗುವಂತೆ ಜಿಲ್ಲಾ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಜಿಲ್ಲೆಯ ವೈದ್ಯಕೀಯ ಕಾಲೇಜುಗಳು ಆ ಲೆಕ್ಕವನ್ನು ಬಿಡಿಸಿ, ಸಿಕ್ಕ ಫಲಿತಾಂಶವನ್ನು ಊರಿನ ಜನಕ್ಕೆ ಕನ್ನಡದಲ್ಲೇ ತಿಳಿಸಬೇಕು.

ಓದುಗರಲ್ಲಿ ಒಂದು ಮಾತು. ಬಸಿರು ಗೊತ್ತಾದೊಡನೆ ಧನುರ್ವಾಯು ತಡೆಯಲು ಕೊಡುವ ಟಿಡಿ ಲಸಿಕೆಯನ್ನು ಸಂಶಯದಿಂದ ತಪ್ಪಿಸಬೇಡಿ. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲನೆಯ ಗುರಿಯನ್ನು ಭಾರತ 2015ರಲ್ಲಿ ಮುಟ್ಟಿದ್ದರ ಹಿಂದೆ ಬಸುರಿಯರಿಗೆ ಹಾಕಿದ ಇಂಥ ಚುಚ್ಚುಮದ್ದಿನ ಪಾತ್ರವೂ ಇದೆ. ಮುಟ್ಟು ನಿಂತಿದ್ದರೆ ಮೂರು ತಿಂಗಳು ಕಾಯದೆ ಆಶಾ ಕಾರ್ಯಕರ್ತೆಗೆ ತಿಳಿಸಿ.