ಆಕಾಶಕ್ಕೆ ಸಲ್ಲಬೇಕಾದ ಕಪ್ಪು

ಕಪ್ಪು-ಬಿಳುಪು ಫಿಲ್ಮಿನಲ್ಲಿ ನಿಸರ್ಗದೃಶ್ಯವನ್ನು ತೆಗೆಯುವಾಗ ಲೆನ್ಸಿನ ಮುಂದೆ ಬಣ್ಣದ ಫಿಲ್ಟರನ್ನಿಡುವುದು ಪ್ರಕೃತಿಗೆಸಗುವ ಅಪಚಾರವೆಂದೂ, ಇದ್ದುದನ್ನು ಇದ್ದಂತೆ ತೋರದೆ ಬೇಕಾದಂತೆ ತಿದ್ದುವ ಕೃತ್ರಿಮವೆಂದೂ ವಾದಿಸುವ ಸಜ್ಜನರುಂಟು. ಅವರ ಸತ್ಯನಿಷ್ಠೆಯಲ್ಲಿ ನನಗೆ ಗೌರವವಿದೆ. ಆದರೆ ಫಿಲ್ಟರಿಲ್ಲದ ಫಿಲ್ಮು ಸತ್ಯವನ್ನೇ ನುಡಿಯುವುದೆಂಬ ಅವರ ನಂಬಿಕೆ ಮಾತ್ರ ನಿಲ್ಲತಕ್ಕುದಲ್ಲ.

ಫಿಲ್ಮಿನಲ್ಲಿರುವ ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿಯ ಪಕ್ಷಪಾತಿಗಳು. ಮೊದಮೊದಲಿನ ಪ್ಲೇಟುಗಳಿಗೆ ನೀಲಿ-ನೇರಳೆಗಳ ಹೊರತು ಬೇರೆ ಬಣ್ಣ ಬಹುಮಟ್ಟಿಗೆ ಕಾಣದಿದ್ದುದರಿಂದ, ನೆಲಕ್ಕೆ ಸಾಲುವಷ್ಟು ಬೆಳಕನ್ನು ಕೊಡುವಷ್ಟರಲ್ಲಿ ಆಕಾಶವು ಸುಣ್ಣ ಬಳಿದ ಗೋಡೆಯಂತಾಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಮುದ್ರಿಸಿದುದು ಈ ಸಂಕಟದಿಂದಲೇ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ವರ್ಣದ್ರವ್ಯವನ್ನು ಬೆರೆಸಿದರೆ ಪ್ಲೇಟಿಗೆ ಹಸುರೂ ಗೋಚರಿಸುವುದೆಂದು ಕಂಡುಕೊಂಡ; ಮುಂದೆ ಕೆಂಪನ್ನೂ ಕಾಣಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಂದಿತು. ಆದರೂ ಹಳೆಯ ಪಕ್ಷಪಾತ ಪೂರ್ತಿಯಾಗಿ ಅಳಿದಿಲ್ಲ. ಹಳದಿ ಫಿಲ್ಟರು ನೀಲಿಯನ್ನು ಒಂದಿಷ್ಟು ತಡೆದು, ಬಿಳಿಯ ಮೋಡವನ್ನು ಆಕಾಶದಿಂದ ಬಿಡಿಸಿ, ಚಿತ್ರವನ್ನು ಕಣ್ಣು ಕಂಡುದರ ಸಮೀಪಕ್ಕೆ ತರುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಒಂದು ಸ್ಟಾಪಿನಷ್ಟು, ಎಂದರೆ ಅರ್ಧದಷ್ಟು, ಬೆಳಕು. ಮಂದದೃಷ್ಟಿಗೆ ಕನ್ನಡಕ ಹೇಗೋ ಫಿಲ್ಮಿಗೆ ಹಳದಿ ಗಾಜು ಹಾಗೆ.

ಕೆಂಪಿನ ಮಾತು ಬೇರೆ. 1927ರ ಏಪ್ರಿಲ್ 10ರಂದು, ಅಮೆರಿಕದ ಯೊಸೆಮಿಟಿ ಕಣಿವೆಯ ಮೇಲಣ ಬಂಡೆಯಂಚಿನಲ್ಲಿ, ಹಾಫ್ ಡೋಮ್ ಎಂಬ ಮಹಾಶಿಲೆಗೆ ಎದುರಾಗಿ ನಿಂತಿದ್ದ ಇಪ್ಪತ್ತೈದರ ತರುಣ ಆನ್ಸೆಲ್ ಆಡಮ್ಸ್, ಹಳದಿ ಫಿಲ್ಟರಿನಲ್ಲಿ ಒಂದು ಚಿತ್ರವನ್ನು ತೆಗೆದೊಡನೆಯೇ, ಆ ಶಿಲೆಯ ಸನ್ನಿಧಿಯಲ್ಲಿ ತನ್ನ ಎದೆಯನ್ನು ತುಂಬಿದ ಭವ್ಯತೆಗೆ ಅದು ಸಾಟಿಯಾಗಲಾರದೆಂದು ಅರಿತು, ಉಳಿದಿದ್ದ ಒಂದೇ ಪ್ಲೇಟಿಗೆ ಗಾಢವಾದ ಕೆಂಪನ್ನು ತೊಡಿಸಿದ. ಆಕಾಶ ಬಹುಪಾಲು ಕಪ್ಪಾಯಿತು, ಹಿಮ ಹೊಳೆಯಿತು, ಬಂಡೆ ತನ್ನ ಸಮಸ್ತ ಭಾರದೊಡನೆ ಮುಂದೆ ಬಂದು ನಿಂತಿತು. ಅಂದಿನ ಆಕಾಶ ಕಪ್ಪಾಗಿರಲಿಲ್ಲವೆಂಬುದು ನಿಜ. ಆದರೆ ಇಲ್ಲಿ ಚಿತ್ರಿತವಾದುದು ಶಿಲೆಯೊಂದೇ ಅಲ್ಲ, ಅದರ ಮುಂದೆ ನಿಂತವನ ವಿಸ್ಮಯವೂ ಹೌದು. ಮತ್ತು ಆ ನಿರ್ಧಾರ ಶಟರ್ ತೆರೆಯುವ ಮೊದಲೇ, ಹಿಂತೆಗೆಯಲಾಗದಂತೆ ಆದುದು. ಚಿತ್ರವನ್ನು ತೆಗೆದ ಮೇಲೆ ನಿಧಾನವಾಗಿ ಕುಳಿತು ಬಣ್ಣಗಳನ್ನು ಏರಿಳಿಸುವ ಇಂದಿನ ಅನುಕೂಲದಲ್ಲಿ, ಈ ಬಗೆಯ ಧೈರ್ಯಕ್ಕೆ ಅವಕಾಶ ಕಡಮೆಯಾಗಿದೆಯೆಂದೇ ನನ್ನ ಕೊರಗು.

ಹೀಗಿದ್ದೂ, ಆ ಚಿತ್ರದ ಕೀರ್ತಿಗೆ ಮರುಳಾಗಿ ನಮ್ಮ ಘಟ್ಟಗಳಲ್ಲಿಯೂ ಕೆಂಪನ್ನೇ ಹಚ್ಚುವವರನ್ನು ಕಂಡರೆ ವ್ಯಥೆಯಾಗುತ್ತದೆ. ಅಲ್ಲಿದ್ದುದು ಹಿಮ ಮತ್ತು ಕಲ್ಲು. ಮಲೆನಾಡಿನ ಸಂಪತ್ತು ಹಸುರು, ಕೆಂಪು ಗಾಜಿನಲ್ಲಿ ಅದು ಮಸಿಯಾಗುತ್ತದೆ. ಕೊಡಚಾದ್ರಿಯ ಮೇಲೆ ನಿಂತು ನೋಡಿದರೆ ಬೆಟ್ಟದ ಹಿಂದೆ ಬೆಟ್ಟವು ಹೋದಂತೆಲ್ಲ ತಿಳಿಯಾಗುತ್ತ ಸಾಗುವುದು ನಡುವಣ ನೀಲಿ ಮಬ್ಬಿನಿಂದ. ಕೆಂಪು ಆ ಮಬ್ಬನ್ನು ಸೀಳಿ ದೂರದ ಬೆಟ್ಟವನ್ನೂ ಹತ್ತಿರಕ್ಕೆಳೆದು, ಮಲೆಗಳ ಆಳವನ್ನೇ ಕೊಲ್ಲುತ್ತದೆ. ದಟ್ಟವಾದ ಮಂಜಿನ ಮೇಲಾದರೋ ಯಾವ ಬಣ್ಣದ ಬಲವೂ ಸಾಗದು. ಹಂಪೆಯ ಬಂಡೆಗಳಿಗೆ ಕಿತ್ತಳೆ ಒಪ್ಪೀತು. ಕಾಡಿಗೆ ಮಾತ್ರ ಎಲೆಯಿಂದ ಎಲೆಯನ್ನು ಬಿಡಿಸಿ ತೋರುವ ತಿಳಿಹಸುರೇ ಲೇಸು.

ಇದಕ್ಕೊಂದು ಅಪವಾದವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಮಾವಿನ ಮರವು ತಾಮ್ರವರ್ಣದ ಚಿಗುರನ್ನು ತಳೆದಾಗ, ಕಿತ್ತಳೆಯ ಗಾಜನ್ನಿಟ್ಟು ತೆಗೆದರೆ, ಕಪ್ಪಾದ ಹಳೆಯೆಲೆಗಳ ನಡುವೆ ಆ ಚಿಗುರು ದೀಪ ಹಚ್ಚಿದಂತೆ ಬೆಳ್ಳಗೆ ಬೆಳಗುತ್ತದೆ.