ಬಣ್ಣವೇರಿದ ಗೂಢಚಾರ

೧೯೬೮ರ ‘ಜೇಡರ ಬಲೆ’ಗಿಂತ ಅದೇ ಮಾಲಿಕೆಯ ೧೯೭೮ರ ‘ಆಪರೇಷನ್ ಡೈಮಂಡ್ ರಾಕೆಟ್’ ಮಿಗಿಲೆಂದು ವಾದಿಸುವವರುಂಟು. ಎರಡಕ್ಕೂ ನಿರ್ದೇಶಕರು ದೊರೆ-ಭಗವಾನರೇ, ಎರಡರಲ್ಲಿಯೂ ಸಿ.ಐ.ಡಿ. ೯೯೯ ರಾಜಕುಮಾರರೇ. ಮೊದಲಿನದು ಕಪ್ಪು-ಬಿಳುಪು, ಕಡೆಯದು ವರ್ಣಮಯ. ಮಿಗಿಲೆನ್ನಲು ಇಷ್ಟೇ ಸಾಕೆ? ಬೆಳಗಿನವರೆಗೆ ಬಡಗುತಿಟ್ಟಿನ ಆಟ ನೋಡಿ ಬಲ್ಲ ಶಿರಸಿ-ಸಿದ್ಧಾಪುರದ ಪ್ರೇಕ್ಷಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಒಡ್ಡೋಲಗವೆಷ್ಟೇ ಥಳಥಳಿಸಲಿ, ಪ್ರಸಂಗದಲ್ಲಿ ಕಸುವಿಲ್ಲದಿದ್ದರೆ ಚೌಕಿಯಲ್ಲಿ ಹಚ್ಚಿದ ಬಣ್ಣವೆಲ್ಲ ವ್ಯರ್ಥ. ‘ಜೇಡರ ಬಲೆ’ಯಲ್ಲಿ ಲೋಹವನ್ನು ಚಿನ್ನವಾಗಿಸುವ ಸೂತ್ರದ ಮೇಲೆ ದುಷ್ಟರ ಕಣ್ಣು ಬೀಳುತ್ತದೆ. ಆ ಆಸೆಯಲ್ಲಿ ನೋಡುವವನ ಮನಸ್ಸಿಗೂ ಗುಟ್ಟಾದ ಪಾಲಿರುವುದರಿಂದಲೇ ಅಲ್ಲಿಯ ಭಯವು ನಿಜವಾಗುತ್ತದೆ. ಕಡೆಯ ಚಿತ್ರದಿಂದ ಜನರ ನಾಲಗೆಯಲ್ಲುಳಿದುದು ವಜ್ರಚೋರರಲ್ಲ, ರಾಜಕುಮಾರರು ಹಾಡಿದ ಆಂಗ್ಲ ಗೀತೆ. ಗೀತೆಯೇನೋ ಸೊಗಸೇ ಸರಿ. ಆದರೆ ಸರಕಾರವು ೯೯೯ನನ್ನು ಕಳುಹಿಸಿದುದು ಹಾಡುವುದಕ್ಕಲ್ಲವಷ್ಟೆ!